ಒಂಟಿಕಿವಿ

ಮೇಲಿನ ಮಹಡಿಯಿಂದ ಇಂಟರ್‌ಕಾಮ್ ಕರೆದಾಗ ಅವಳು ಯಾರದೋ ಬಾಯಿಗೆ ಹೊರಟಿದ್ದ ಕೋರೆಹಲ್ಲೊಂದನ್ನು ಬಿಸಿ ಮೇಣದಲ್ಲಿ ಕೂರಿಸುತ್ತಿದ್ದಳು. ಬಲಗಿವಿಯಲ್ಲಿ ಹಿಮಕ್ಕೆ ಸಿಕ್ಕಿಕೊಂಡ ಹಡಗೊಂದರ ಕಥೆ ನಡೆದಿತ್ತು. ಎಡಗಿವಿ ಎಂದಿನಂತೆ ಖಾಲಿ. "ಅವರು ಬಂದಿದಾರೆ ಕಣ್ರೀ," ಎಂದರು ಡಾಕ್ಟರಮ್ಮ. "ಈ ಸಲಾನೂ ಹಲ್ಲಿನ ಸೆಟ್ಟು ಜಾರುತ್ತಂತೆ. ಇದು ಮೂರನೇ ಟ್ರಯಲ್ಲು. ನಂಗಂತೂ ತಲೆ ಕೆಟ್ಟೋಯ್ತು. ನೀವೇ ಒಂದ್ಸಲ ಬಂದು ನೋಡ್ಬಿಡಿ." ಅವಳು "ಬಂದೆ ಡಾಕ್ಟ್ರೇ" ಎಂದಳು. ಎದ್ದೇಳಲಿಲ್ಲ. ಮೇಣ ಆರಿ ಬಿಳಿಚಿಕೊಂಡಿತು, ಕೋರೆಹಲ್ಲು ಸೊಟ್ಟಗೆ ನಿಂತಿತು. ಕ್ಲಿನಿಕ್ಕಿಗೆ ಕಟ್ಟುಹಲ್ಲು ತಯಾರಿಸುವ ನೆಲಮಾಳಿಗೆಯ ಆ ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಅದೂ ಸೂರಿಗೆ ಹತ್ತಿಕೊಂಡಂತೆ. ಅದರಲ್ಲಿ ದಿನವಿಡೀ ಬೀದಿಯಲ್ಲಿ ಓಡಾಡುವವರ ಪಾದಗಳಷ್ಟೇ ಕಾಣುತ್ತಿದ್ದವು. ಬೆಳಿಗ್ಗೆ ಹತ್ತೂವರೆಗೆ ಒಂದು ಜೊತೆ ಕಂದು ಬಣ್ಣದ ಹಳೆಯ ಬೂಟು, ಪಕ್ಕದಲ್ಲಿ ಹೆಂಗಸಿನ ಚಪ್ಪಲಿ, ಕಿಟಕಿಯನ್ನು ದಾಟಿ ಕ್ಲಿನಿಕ್ಕಿನ ಮೆಟ್ಟಿಲ ಕಡೆ ತಿರುಗಿದ್ದನ್ನು ನೋಡಿದ್ದಳು. ಬೂಟಿನ ಲೇಸು ಗಂಟಿನ ಮೇಲೆ ಗಂಟು ಹಾಕಿ ಬಿಗಿದಿತ್ತು. ಆಗಲೇ ಅವಳು ಕಿಟಕಿಗೆ ಬೆನ್ನು ಮಾಡಿ ಕೂತುಬಿಟ್ಟಿದ್ದಳು.

ಹೆದರಿಕೆ ಅವಳಿಗೆ ಹೊಸದಲ್ಲ. ಐವತ್ತೆರಡು ವರ್ಷ ಅದರ ಜೊತೆಯಲ್ಲೇ ಸಂಸಾರ ಮಾಡಿದವಳು. ಲಿಫ್ಟು ಹತ್ತುವುದಿಲ್ಲ. ಗೊತ್ತಿಲ್ಲದ ನಂಬರಿನ ಫೋನು ಎತ್ತುವುದಿಲ್ಲ. ಬಾಗಿಲು ಬಡಿದರೆ ಮೊದಲು ಉಸಿರು ಹಿಡಿದು ನಿಲ್ಲುತ್ತಾಳೆ. "ಬಂದಿರೋದು ಹುಲಿಯಲ್ಲ ಕಣೇ ಪುಟ್ಟಿ, ಗ್ಯಾಸಿನವನು," ಎಂದು ಅಕ್ಕ ನಗುತ್ತಾಳೆ. ಅಂಥವಳು ಏಳು ವರ್ಷದಿಂದ ಕೇಳಿದ್ದೆಲ್ಲ ಇಂಥವೇ: ಯುದ್ಧ, ಮುತ್ತಿಗೆ, ಮರುಭೂಮಿ ದಾಟಿದವರು, ಧ್ರುವಕ್ಕೆ ಹೊರಟವರು, ಕುಸಿದ ಸಾಮ್ರಾಜ್ಯಗಳು. ಮುನ್ನೂರ ನಲವತ್ತು ಆಡಿಯೊ ಪುಸ್ತಕ. ಕೇಳಿ ಮುಗಿಸಿದ ಪ್ರತಿಯೊಂದಕ್ಕೂ ಆ್ಯಪಿನಲ್ಲಿ ನಕ್ಷತ್ರ ಹಾಕಿ ಕೆಳಗೆ ಅಭಿಪ್ರಾಯ ಬರೆಯುತ್ತಿದ್ದಳು. ಅಲ್ಲಿ ಅವಳ ಹೆಸರು ಒಂಟಿಕಿವಿ. ಕೆಲಸದ ನಡುವೆ ಇಂಟರ್‌ಕಾಮ್ ಕೇಳಲೆಂದು ಇಯರ್‌ಫೋನನ್ನು ಒಂದೇ ಕಿವಿಗೆ ಸಿಕ್ಕಿಸಿಕೊಳ್ಳುವ ಅಭ್ಯಾಸದಿಂದ ಬಂದ ಹೆಸರು. ಆ ಹೆಸರಿನೊಳಗೆ ಹೊಕ್ಕರೆ ಅವಳಿಗೆ ಯಾರ ಭಯವೂ ಇರುತ್ತಿರಲಿಲ್ಲ. ಫಿರಂಗಿಯ ಸದ್ದು ಬಂದಾಗ ದನಿ ಏರಿಸುವ ಓದುಗರನ್ನು ಅವಳು ಸಹಿಸುತ್ತಿರಲಿಲ್ಲ: 'ಫಿರಂಗಿಗೆ ತನ್ನದೇ ಸದ್ದಿದೆ, ನೀವು ವಾಕ್ಯ ಓದಿ ಸಾಕು.' ಸೇನಾಪತಿಗಳ ಆತ್ಮಕಥೆಗಳಿಗೆ ಎಂದೂ ಎರಡು ನಕ್ಷತ್ರ ದಾಟಿರಲಿಲ್ಲ: 'ಇವರ ಯುದ್ಧದಲ್ಲಿ ಯಾರ ಕಾಲೂ ಒದ್ದೆಯಾಗುವುದಿಲ್ಲ.' ಎರಡು ವರ್ಷದ ಮುತ್ತಿಗೆಯ ಕಥೆಯನ್ನು ಸಾಮಾನಿನ ಪಟ್ಟಿ ಓದಿದಂತೆ ಓದಿದ್ದ ಒಬ್ಬ ಹೆಂಗಸಿಗೆ ಮಾತ್ರ ಐದೂ ಕೊಟ್ಟು, 'ಹಸಿವಿನ ದನಿ ಇದೇ' ಎಂದು ಬರೆದಿದ್ದಳು. ಕಾಲಿನ ಬೆರಳುಗಳನ್ನು ಹಿಮಕ್ಕೆ ಕೊಟ್ಟು ಬಂದ ಶೋಧಕನೊಬ್ಬನಿಗೆ ಎರಡು: 'ಹನ್ನೊಂದು ಮೈಲಿ ಬಾಕಿ ಇರುವಾಗ ಹಿಂದಿರುಗಿದ್ದಕ್ಕೆ ಕೊಟ್ಟ ಕಾರಣ ಸಾಲದು.' ಲಿಫ್ಟು ಹತ್ತದವಳು ಬರೆದದ್ದು ಇದು. ಬರೆದು, ಬರ್ನರ್ ಆರಿಸಿ, ತಡವಾದರೆ ಅಕ್ಕ ಬೈಯುತ್ತಾಳೆಂದು ಓಡುತ್ತಾ ಮನೆಗೆ ಹೋಗಿದ್ದಳು.

ಆ ಕಂದು ಬೂಟಿನ ಮುದುಕರ ಪುಸ್ತಕವನ್ನು ಅವಳು ಕೇಳಿದ್ದು ನಾಲ್ಕು ತಿಂಗಳ ಹಿಂದೆ. ಗಡಿಯ ಗುಡ್ಡವೊಂದರಲ್ಲಿ ವೈರ್‌ಲೆಸ್ ನೋಡಿಕೊಳ್ಳುತ್ತಿದ್ದ ಸಿಪಾಯಿ, ನಲವತ್ತು ವರ್ಷ ಸುಮ್ಮನಿದ್ದು ಬರೆದದ್ದು, ಓದಿದವರೂ ಅವರೇ. ಇದೇ ಊರಿನವರೆಂದು ಗೊತ್ತಾಗಿ ಕುತೂಹಲಕ್ಕೆ ಹಚ್ಚಿದ್ದಳು. ಪುಸ್ತಕ ಚೆನ್ನಾಗಿತ್ತು. ಅದೇ ಅವಳನ್ನು ಕೆಣಕಿರಬೇಕು. ಅಭಿಪ್ರಾಯದ ಮೊದಲ ಸಾಲಿಗೇ ತನ್ನ ಕಸುಬಿನ ಜಂಬ ತೋರಿಸಿದ್ದಳು: 'ಲೇಖಕರು ಗುಡ್ಡ ಉಳಿಸಿಕೊಂಡರೂ ಮೇಲಿನ ಹಲ್ಲಿನ ಸೆಟ್ಟನ್ನು ಹಿಡಿದಿಟ್ಟುಕೊಳ್ಳಲು ಆಗಿಲ್ಲ. ಹಿಂಬದಿಯ ಅಂಚು ಒಂದೂವರೆ ಮಿಲ್ಲಿಮೀಟರ್ ಕಡಿಮೆ. ಪ್ರತಿ ಸಕಾರಕ್ಕೂ ಗಾಳಿ ಸೋರುತ್ತದೆ.' ಆಮೇಲೆ ಒಂಬತ್ತನೆಯ ಅಧ್ಯಾಯ. ಗಸ್ತಿಗೆಂದು ಗುಡ್ಡ ಇಳಿಯುವ ಹೊತ್ತಿಗೆ ಜೊತೆಯ ಸಿಪಾಯಿಗೆ ಗುಂಡು ತಗಲುತ್ತದೆ, ಅವನು ಕೊರಕಲಿಗೆ ಉರುಳುತ್ತಾನೆ. 'ಆ ಕ್ಷಣವೇ ಅವನ ಜೀವ ಹೋಯಿತು. ಅವನು ಕೂಗಲೂ ಇಲ್ಲ,' ಎಂದು ಮುದುಕರು ಓದುತ್ತಾರೆ. ಅವಳು ಆ ಜಾಗವನ್ನು ಹಿಂದೆ ತಿರುಗಿಸಿ ಆರು ಸಲ ಕೇಳಿದ್ದಳು. ಬರೆದಳು: 'ನಲವತ್ತೆರಡನೇ ನಿಮಿಷ ಕೇಳಿ. ಈ ವಾಕ್ಯ ಮುಗಿದ ಮೇಲೆ ಇವರು ಎಂಜಲು ನುಂಗುತ್ತಾರೆ. ಅವನು ಕೂಗಿದ್ದಾನೆ. ಇವರು ಕೇಳಿಸಿಕೊಂಡಿದ್ದಾರೆ. ಪುಸ್ತಕದಲ್ಲಿರುವ ಒಂದೇ ಸುಳ್ಳು ಇದು, ಪುಸ್ತಕ ನಿಂತಿರುವುದೂ ಇದರ ಮೇಲೆಯೇ.' ನಾನೂರ ಹನ್ನೆರಡು ಜನ ಉಪಯುಕ್ತ ಎಂದು ಒತ್ತಿದರು. ಆ ವಾರವೆಲ್ಲ ಅವಳು ಊಟದ ಬಿಡುವಿನಲ್ಲಿ ಆ ಸಂಖ್ಯೆ ನೋಡಿ ನೋಡಿ ಸುಖಪಟ್ಟಿದ್ದಳು.

ಮೂರು ವಾರದ ಹಿಂದೆ ಹೊಸ ಅಚ್ಚೊಂದು ಕೆಳಗೆ ಬಂತು. ಪ್ಲಾಸ್ಟರಿನ ಹಲ್ಲಿಲ್ಲದ ಬೊಚ್ಚು ದವಡೆ, ಅದಕ್ಕೆ ರಬ್ಬರ್ ಬ್ಯಾಂಡಿನಲ್ಲಿ ಸುತ್ತಿದ ಚೀಟಿ, ಚೀಟಿಯಲ್ಲಿ ಆ ಹೆಸರು. "ಪಾಪ ಕಣ್ರೀ," ಎಂದಿದ್ದರು ಡಾಕ್ಟರಮ್ಮ ಮೆಟ್ಟಿಲ ಮೇಲೆ ನಿಂತುಕೊಂಡೇ. "ಯಾರೋ ಇಂಟರ್ನೆಟ್ಟಲ್ಲಿ ಇವರ ಹಲ್ಲಿನ ಬಗ್ಗೆ ಏನೇನೋ ಬರೆದ್ರಂತೆ. ಅವತ್ತಿಂದ ಮಾತೇ ನಿಲ್ಲಿಸಿಬಿಟ್ಟಿದಾರೆ. ಮಗಳು ಹೊಸ ಸೆಟ್ಟಿಗೆ ಕರ್ಕೊಂಡು ಬಂದಿದಾಳೆ. ಎಂಥ ಜನ ಇರ್ತಾರೆ ನೋಡಿ." ಅವಳು "ಹೌದು ಡಾಕ್ಟ್ರೇ, ಎಂಥ ಜನ," ಎಂದಿದ್ದಳು, ಆ ದನಿ ತನ್ನದೇ ಎಂದು ನಂಬುವುದು ಕಷ್ಟವಾಗಿತ್ತು. ಅಚ್ಚನ್ನು ಅಂಗೈಯಲ್ಲಿ ತಿರುಗಿಸಿ ನೋಡಿದಳು. ಅದರಲ್ಲಿ ಮೂಡಿದ್ದ ಹಳೆಯ ಸೆಟ್ಟಿನ ಗುರುತು ನೋಡಿದರೆ, ಹಿಂಬದಿಯ ಅಂಚಿನ ಬಗ್ಗೆ ಅವಳು ಬರೆದದ್ದು ಕರಾರುವಾಕ್ಕಾಗಿತ್ತು. ಆ ದಿನವೇ ಅಭಿಪ್ರಾಯವನ್ನು ಅಳಿಸಿದಳು. ಅಳಿಸಿದ ಮೇಲೆ ಹೆದರಿಕೆ ಹೆಚ್ಚಾಯಿತು. ಬರೆದವರು ಯಾಕೆ ಅಳಿಸಿದರು, ಹತ್ತಿರದಲ್ಲೇ ಎಲ್ಲೋ ಇದ್ದಾರೆ ಎಂದು ಯಾರಿಗಾದರೂ ಹೊಳೆದರೆ? ಹಿಂಬದಿಯ ಅಂಚು ಎಂಬ ಮಾತು ಬಿಸ್ಕತ್ತು ಮಾರುವವರ ಬಾಯಲ್ಲಿ ಬರುತ್ತದೆಯೆ? ಕೆಲಸ ಹೋಗಬಹುದು, ಡಾಕ್ಟರಮ್ಮ ಮುಖ ತಿರುಗಿಸಬಹುದು, ಅಕ್ಕನಿಗೆ ಗೊತ್ತಾಗಬಹುದು. ಮೂರನೆಯದು ಹೊಳೆದಾಗ ಮಾತ್ರ ಅವಳು ಫೋನನ್ನೇ ಆರಿಸಿ ಡ್ರಾಯರಿನೊಳಗೆ ತಳ್ಳಿದಳು.

ಅಕ್ಕನಿಗೆ ಗೊತ್ತಾಗಬಾರದ್ದು ಹಲ್ಲಿನ ವಿಷಯವಲ್ಲ. ಎರಡು ವರ್ಷದ ಹಿಂದಿನ ಒಂದು ರಜೆಯ ಮಧ್ಯಾಹ್ನ, ಅಕ್ಕ ಪೇಟೆಗೆ ಹೋಗಿದ್ದಾಗ, ಅಮ್ಮ ಬಚ್ಚಲಲ್ಲಿ ಬಿದ್ದಿದ್ದಳು. ಅವಳು ಪಕ್ಕದ ಕೋಣೆಯಲ್ಲಿದ್ದಳು. ನಾಲ್ಕನೇ ದಿನ ಅಮ್ಮ ಆಸ್ಪತ್ರೆಯಲ್ಲಿ ತೀರಿಹೋದ ಮೇಲೆ ಮಾತಾಡಿಸಲು ಬಂದವರೆದುರು ಅಕ್ಕನೇ ಅವಳ ಪರವಾಗಿ ನಿಂತಳು: "ಇವಳ ಕಿವೀಲಿ ಆ ಯುದ್ಧದ ಗದ್ದಲ. ಬಾಂಬು ಬೀಳ್ತಿರೋವಾಗ ಅಮ್ಮ ಬಿದ್ದದ್ದು ಹೇಗೆ ಕೇಳತ್ತೆ ಹೇಳಿ. ಪಾಪ, ಅದನ್ನೇ ಮನಸ್ಸಿಗೆ ಹಚ್ಕೊಂಡಿದಾಳೆ." ಎಲ್ಲರೂ ಹೌದೆಂದರು. ಅವಳೂ ತಲೆಯಾಡಿಸಿದಳು. ಆ ಮಧ್ಯಾಹ್ನ ಅಧ್ಯಾಯ ಮುಗಿದು ಕಿವಿ ನಿಶ್ಶಬ್ದವಾಗಿತ್ತು. ತಂಬಿಗೆ ಉರುಳಿದ ಸದ್ದು, ಅದರ ಹಿಂದೆ ಭಾರವಾದದ್ದೊಂದು ಬಿದ್ದ ಸದ್ದು, ಆಮೇಲೆ ಅಮ್ಮನ ಕೂಗು, ಎರಡು ಸಲ. ಎಲ್ಲ ಸ್ಪಷ್ಟವಾಗಿ ಕೇಳಿಸಿತ್ತು. ಎದ್ದು ಬಂದು ಬಚ್ಚಲ ಬಾಗಿಲ ಚಿಲಕದ ಮೇಲೆ ಕೈಯಿಟ್ಟು ನಿಂತಳು. ಒಳಗೆ ಏನು ಕಾಣಬೇಕಾಗುತ್ತದೋ ಎಂಬ ಹೆದರಿಕೆ. ಹತ್ತು ನಿಮಿಷವೋ, ಹನ್ನೆರಡೋ. ಚಿಲಕದ ಕಬ್ಬಿಣ ಅಂಗೈಯಲ್ಲಿ ಬೆಚ್ಚಗಾಗುವಷ್ಟು ಹೊತ್ತು. ಆಮೇಲೆ ಸದ್ದಿಲ್ಲದೆ ಕೋಣೆಗೆ ಮರಳಿದ್ದಳು; ಬಾಗಿಲು ತೆಗೆದದ್ದು ಪೇಟೆಯಿಂದ ಬಂದ ಅಕ್ಕ. ಅಂದಿನಿಂದ ಯಾರಾದರೂ ಏನಾದರೂ ಅಡಗಿಸಿಟ್ಟರೆ ಅದು ಅವರ ದನಿಯಲ್ಲಿ ಎಲ್ಲಿ ಕೂತಿರುತ್ತದೆಂದು ಅವಳಿಗೆ ತಿಳಿಯತೊಡಗಿತು. ನಲವತ್ತೆರಡನೇ ನಿಮಿಷದ ಎಂಜಲು ಅವಳಿಗೆ ಪರಿಚಿತ. ಮಾತಾಡಿಸಲು ಬಂದವರೆದುರು ತಾನೂ ನುಂಗಿದ್ದು ಅದನ್ನೇ.

"ಬಂದ್ರಾ?" ಇಂಟರ್‌ಕಾಮ್ ಮತ್ತೆ. ಅವಳು ಮೆಟ್ಟಿಲು ಹತ್ತಿದಳು. ಇಪ್ಪತ್ತೆರಡು ಮೆಟ್ಟಿಲು, ಹದಿನಾಲ್ಕರ ಹತ್ತಿರ ನಿಂತು ಉಸಿರು ತೆಗೆದುಕೊಂಡಳು. ಕುರ್ಚಿಯಲ್ಲಿ ಅರೆ ಒರಗಿದ್ದ ಮುದುಕರು ಅವಳು ಕಲ್ಪಿಸಿಕೊಂಡದ್ದಕ್ಕಿಂತ ಚಿಕ್ಕವರು. ಕುತ್ತಿಗೆಗೆ ನೀಲಿ ಕಾಗದದ ಬಿಬ್ಬು, ಅದರ ಮೇಲೆ ಮಗುವಿನಂಥ ಗಲ್ಲ. ಮಗಳು ಗೋಡೆಗೆ ಒರಗಿ ನಿಂತಿದ್ದಳು, ನಲವತ್ತರ ಹೆಂಗಸು, ಮೂರನೇ ಸಲ ಆಫೀಸಿಗೆ ರಜೆ ಹಾಕಿ ಬಂದ ಮುಖ. "ನೋಡಿ ಮೇಡಂ, ಏನ್ ತೊಂದರೆ ಅಂತ ಬಿಡಿಸಿ ಹೇಳಲ್ಲ. ಬರೀ ಕೈ ಆಡಿಸ್ತಾರೆ. ಮನೇಲೂ ಅಷ್ಟೇ. ಅಮ್ಮ ಇದ್ದಿದ್ರೆ ಬೈದಾದ್ರೂ ಮಾತಾಡಿಸ್ತಿದ್ಲು." ಡಾಕ್ಟರಮ್ಮ ಪಕ್ಕದ ಕೋಣೆಯಲ್ಲಿ ಬಾಯಿ ತೆರೆದು ಕಾಯುತ್ತಿದ್ದವರ ಕಡೆಗೆ ಹೋದರು. ಅವಳು ಕೈಗೆ ಗ್ಲೌಸು ಹಾಕಿಕೊಂಡು, ತಾನೇ ಮೇಣದಲ್ಲಿ ಕೂರಿಸಿದ್ದ ಹಲ್ಲಿನ ಸಾಲನ್ನು ಮುದುಕರ ಬಾಯೊಳಗೆ ಇಟ್ಟು ಮೇಲಕ್ಕೆ ಒತ್ತಿದಳು. ಹೀರಿಕೊಂಡಂತೆ ಕೂತಿತು. ಎಡಕ್ಕೆ ಅಲುಗಿಸಿದಳು, ಬಲಕ್ಕೆ, ಮುಂದಿನ ಹಲ್ಲು ಹಿಡಿದು ಕೆಳಕ್ಕೆಳೆದಳು. ಕೂದಲೆಳೆಯಷ್ಟೂ ಜಾರಲಿಲ್ಲ. ಮೂವತ್ತು ವರ್ಷದಲ್ಲಿ ಇಷ್ಟು ಚೆನ್ನಾಗಿ ಯಾವ ಸೆಟ್ಟೂ ಕೂತದ್ದು ಅವಳಿಗೆ ನೆನಪಿಲ್ಲ.

"ಸೀಸೆ ಅನ್ನಿ," ಎಂದಳು. ಸಕಾರ ನೋಡಲು ಅವಳು ಎಲ್ಲರಿಂದಲೂ ಹೇಳಿಸುವುದು ಅದನ್ನೇ. "ಸೀಸೆ, ಸೊಸೆ, ಸಾಸಿವೆ." ಮುದುಕರು ತಲೆಯಾಡಿಸಿದರು, ಗಂಟಲು ತೋರಿಸಿದರು, ಅಂಗೈಯನ್ನು ಜಾರುಬಂಡೆಯಂತೆ ಇಳಿಸಿ ತೋರಿಸಿದರು. "ನೋಡಿದ್ರಾ?" ಎಂದಳು ಮಗಳು. "ಅಪ್ಪ, ಒಂದು ಸೀಸೆ ಅನ್ನೋಕೆ ಏನು ಕಷ್ಟ?" ಆಗ ಅವಳು ಮುದುಕರ ಕಣ್ಣು ನೋಡಿದಳು. ಇಷ್ಟು ಹೊತ್ತೂ ನೋಡದೆ ತಪ್ಪಿಸಿಕೊಂಡಿದ್ದಳು. ಅದು ಅವಮಾನವಾದವರ ಕಣ್ಣಲ್ಲ, ಸಿಟ್ಟಿನದೂ ಅಲ್ಲ. ಬಾಗಿಲು ಬಡಿದಾಗ ತಾನು ಕನ್ನಡಿಯಲ್ಲಿ ಕಂಡಿದ್ದ ಕಣ್ಣು. ಈ ಮನುಷ್ಯ ತನ್ನಷ್ಟೇ ಹೆದರಿದ್ದಾರೆ ಎನ್ನಿಸಿ ಅವಳಿಗೆ ಇನ್ನಷ್ಟು ಹೆದರಿಕೆಯಾಯಿತು. ಮುದುಕರು ಮಗಳ ಕಡೆ ತಿರುಗಿ ಕಣ್ಣಿನ ಸುತ್ತ ಬೆರಳಿಂದ ಸೊನ್ನೆ ಬರೆದರು. "ಕನ್ನಡಕ ಕಾರಲ್ಲೇ ಬಿಟ್ರಾ? ಸರಿ, ಕೂತಿರಿ," ಎಂದು ಮಗಳು ನಿಟ್ಟುಸಿರಿಟ್ಟು ಹೋದಳು. ಅವಳ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಮರೆಯಾಗುವವರೆಗೆ ಕಾದು ಮುದುಕರು ಬಾಯಿ ತೆರೆದರು.

"ಸೀಸೆ, ಸೊಸೆ, ಸಾಸಿವೆ," ಎಂದರು. ಒಂದು ಸಕಾರವೂ ಸೋರಲಿಲ್ಲ. ಮುನ್ನೂರ ನಲವತ್ತು ಪುಸ್ತಕಗಳಲ್ಲಿ ಕೇಳಿದ ಯಾವ ದನಿಯೂ ಅವಳಿಗೆ ಇಷ್ಟು ಹತ್ತಿರದಿಂದ ಬಂದಿರಲಿಲ್ಲ. "ಚೆನ್ನಾಗಿ ಕೂತಿದೆ ತಾಯಿ. ಮೊದಲನೇ ಸಲಾನೇ ಕೂತಿತ್ತು. ನಿಮ್ಮಿಂದ ಒಂದು ಉಪಕಾರ ಆಗ್ಬೇಕು. ಸರಿಯಿಲ್ಲ ಅಂತ ಹೇಳ್ಬಿಡಿ. ಇನ್ನೊಂದು ತಿಂಗಳು ಎಳೆದಾಡಿ."

"ಯಾಕೆ?" ಎಂದಳು. ಕೇಳಬಾರದಿತ್ತು.

"ಹಲ್ಲು ಬಂದ್ರೆ ಮಾತಾಡ್ಬೇಕಾಗತ್ತೆ." ಮುದುಕರು ಬಾಗಿಲ ಕಡೆ ನೋಡಿಕೊಂಡು ಬೇಗ ಬೇಗ ಹೇಳಿದರು. "ನನ್ನ ಪುಸ್ತಕದಲ್ಲಿ ಒಬ್ಬ ಸತ್ತ. ಅವನ ಹೆಂಡತಿ ಇನ್ನೂ ಇದಾಳೆ. ಅವನು ಕೂಗಲೂ ಇಲ್ಲ, ತಟ್ಟಂತ ಹೋದ ಅಂತ ನಾನೇ ಅವಳಿಗೆ ಹೇಳಿದ್ದೆ, ಅವತ್ತು. ನಲವತ್ತು ವರ್ಷ ಅದನ್ನೇ ನಂಬ್ಕೊಂಡು ಬದುಕಿದಾಳೆ. ಈಗ ಯಾರೋ ಬರೆದ್ರು, ಕೂಗಿದಾನೆ ಅಂತ. ಮೊಮ್ಮಗ ಅವಳಿಗೆ ಓದಿ ಹೇಳಿದ. ಫೋನ್ ಮಾಡಿದ್ಲು. ಅಣ್ಣ, ಅವರು ಕೂಗಿದ್ರಾ ಅಂತ ಕೇಳಿದ್ಲು. ನಾನು ಹಲ್ಲು ಜಾರ್ತಿದೆ, ಮಾತಾಡೋಕೆ ಆಗ್ತಿಲ್ಲ ಅಂತ ತೊದಲಿ ಇಟ್ಬಿಟ್ಟೆ. ಹೊಸ ಹಲ್ಲು ಕಟ್ಟಿಸ್ಕೊಳಿ ಅಣ್ಣ, ಕಾಯ್ತೀನಿ ಅಂದ್ಲು. ವಾರಕ್ಕೊಂದು ಸಲ ಮಗಳಿಗೆ ಫೋನ್ ಮಾಡಿ ಹಲ್ಲು ಬಂತಾ ಅಂತ ಕೇಳ್ತಾಳೆ."

ಅವಳಿಗೆ ಗೋಡೆಯ ಮೇಲಿನ ಚಿತ್ರ ಕಾಣಿಸುತ್ತಿತ್ತು, ಸೀಳಿದ ದವಡೆಹಲ್ಲಿನೊಳಗಿನ ಕೆಂಪು ನರಗಳ ಚಿತ್ರ. ಅಭಿಪ್ರಾಯ ಬರೆಯುವಾಗ ಅವಳ ಮನಸ್ಸಿನಲ್ಲಿ ಇದ್ದದ್ದು ಒಬ್ಬ ಸುಳ್ಳುಗಾರ, ಅವನನ್ನು ಕೇಳಿಯೇ ಹಿಡಿದ ಒಬ್ಬಳು ಜಾಣೆ. ಎಲ್ಲೋ ಒಂದು ಮನೆಯಲ್ಲಿ ಒಬ್ಬ ಮುದುಕಿ ಮೊಮ್ಮಗನ ಫೋನಿಗೆ ಕಿವಿಗೊಟ್ಟು ಕೂತಿರಬಹುದೆಂದು ಹೊಳೆದಿರಲಿಲ್ಲ. ಯುದ್ಧದ ಪುಸ್ತಕದಲ್ಲಿ ಸತ್ತವರಿಗೆ ಹೆಂಡತಿಯರಿರುತ್ತಾರೆ ಎಂಬುದನ್ನು ಅವಳು ಎಂದೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಓಡಿಹೋಗಬೇಕೆನಿಸಿತು. ಸರಿ, ಒಂದು ತಿಂಗಳು ತಡ ಮಾಡ್ತೀನಿ ಎಂದರೆ ಮುಗಿಯಿತು. ಮುದುಕರು ಅವಳನ್ನು ಹರಸುತ್ತಾರೆ ಕೂಡ.

"ಬರೆದದ್ದು ನಾನು," ಎಂದಳು.

ಮುದುಕರ ಕಣ್ಣು ಅವಳ ಗ್ಲೌಸಿನ ಮೇಲೆ ನಿಂತಿತು. "ಹಲ್ಲಿನ ಕೆಲಸದವರೇ ಯಾರೋ ಅನ್ಕೊಂಡಿದ್ದೆ," ಎಂದರು. ಸಿಟ್ಟು ಆಮೇಲೆ ಬಂತು, ತಡವಾಗಿ, ಮುದಿಮೈಗೆ ಬರುವ ಹಾಗೆ. ಕುರ್ಚಿಯ ಕೈ ಹಿಡಿದು ಎದ್ದು ಕೂರಲು ಹೊರಟರು. ಬಿಬ್ಬಿನ ಸರಪಳಿ ಕುತ್ತಿಗೆಗೆ ಸಿಕ್ಕಿಕೊಂಡಿತು. "ನಿಮಗೇನು ಗೊತ್ತು? ಅಲ್ಲಿ ಇದ್ರಾ ನೀವು? ಮಲಕ್ಕೊಂಡು, ಕಾಲು ಚಾಚ್ಕೊಂಡು, ಕೇಳ್ತಾ ಕೇಳ್ತಾ ತೀರ್ಪು ಕೊಡೋದು! ಎಂಜಲು ನುಂಗಿದ್ನಂತೆ! ವಯಸ್ಸಾದೋರು ಎಂಜಲು ನುಂಗಲ್ವಾ?"

"ನಾನೂ ಹಾಗೇ ನುಂಗಿದೀನಿ. ಅದಕ್ಕೇ ಗೊತ್ತಾಯ್ತು," ಎಂದಳು. ಮಾತು ನಿಲ್ಲಿಸಲಾಗಲಿಲ್ಲ. ಬಚ್ಚಲು, ಚಿಲಕ, ಹತ್ತು ನಿಮಿಷ, ಕಿವಿಯಲ್ಲಿ ಏನೂ ಇರಲಿಲ್ಲವೆಂಬುದು, ಅಕ್ಕ ನಂಬಿಕೊಂಡಿರುವ ಸುಳ್ಳು. ಯಾರಿಗೂ ಹೇಳದ್ದನ್ನು, ಬೈಯುತ್ತಿದ್ದ ಒಬ್ಬ ಅಪರಿಚಿತರಿಗೆ, ಕೈಯಲ್ಲಿ ಬಾಯಿಗನ್ನಡಿ ಹಿಡಿದುಕೊಂಡು ಹೇಳಿದಳು. ಪಕ್ಕದ ಕೋಣೆಯಲ್ಲಿ ಡ್ರಿಲ್ಲು ಕಿರುಗುಟ್ಟಿ ನಿಂತಿತು. ಅವಳು ಅಲ್ಲಿಗೇ ನಿಲ್ಲಿಸಿದಳು.

"ಹೊರಗಿನವರಿಗೆ ಹೇಳೋದು ಸುಲಭ," ಎಂದರು ಮುದುಕರು. ದನಿಯಲ್ಲಿ ಸಿಟ್ಟು ಇನ್ನೂ ಇತ್ತು. "ನಿಮ್ಮ ಅಕ್ಕನಿಗೆ ಹೇಳಿದೀರಾ?"

"ಇಲ್ಲ."

"ಹೂಂ." ಮುದುಕರು ನಾಲಿಗೆಯಿಂದ ಹೊಸ ಹಲ್ಲುಗಳನ್ನು ಒಂದೊಂದಾಗಿ ತಡವಿ ನೋಡಿದರು. "ಇದು ಬಾಯಲ್ಲಿ ಎಷ್ಟು ಹೊತ್ತು ಇರತ್ತೆ?"

"ಮೇಣ ಅದು. ಬಾಯಿ ಬಿಸಿಗೆ ಮೆತ್ತಗಾಗತ್ತೆ. ಐದು ನಿಮಿಷ, ಅಷ್ಟೇ."

"ಸಾಕು. ನೀವು ಹೋಗ್ಬೇಡಿ, ಇಲ್ಲೇ ನಿಂತಿರಿ," ಎಂದು ಜೇಬಿನಿಂದ ಫೋನು ತೆಗೆದು ಕಣ್ಣಿನಿಂದ ದೂರ ಹಿಡಿದು, ಗುಂಡಿಗಳನ್ನು ಒತ್ತಿದರು. ಅವಳು ನಿಂತಳು. ಆಚೆ ಕಡೆ ಫೋನು ಬಡಿಯುವುದು ಇಲ್ಲಿಗೇ ಕೇಳುತ್ತಿತ್ತು, ನಾಲ್ಕು ಸಲ, ಐದು. ಎತ್ತದಿರಲಿ ಎಂದು ಅವಳು ಬೇಡಿಕೊಂಡಳು. ಎತ್ತಿದರು. "ತಂಗಿ, ನಾನು," ಎಂದರು ಮುದುಕರು. "ಹೂಂ, ಬಂತು ಹಲ್ಲು." ಆಮೇಲೆ ಅವರು ಎಂಜಲು ನುಂಗಿದ್ದು ಕೇಳಿಸಿತು. "ಕೂಗಿದ ತಂಗಿ. ಸಾಯಂಕಾಲ ಬಿದ್ದೋನು ಬೆಳಗಿನ ಜಾವದವರೆಗೂ ಕೂಗಿದ. ನಾನು ನಲವತ್ತು ಅಡಿ ಮೇಲಿದ್ದೆ. ಇಳಿದಿದ್ರೆ ನನ್ನನ್ನೂ ಹೊಡೀತಿದ್ರೇನೋ. ಹೊಡೀತಿರಲಿಲ್ವೇನೋ. ಇಳೀಲಿಲ್ಲ. ಹೆದರಿಕೆ ಆಯ್ತು." ಅವಳು ಅಭ್ಯಾಸಬಲದಿಂದ ಗೋಡೆ ಗಡಿಯಾರ ನೋಡಿದಳು. ಮೇಣಕ್ಕೆ ಎರಡು ನಿಮಿಷ ಉಳಿದಿತ್ತು. ಆಮೇಲೆ ಒಂದು ಸಣ್ಣ, ಒಣಗಿದ ಹೆಣ್ಣುದನಿ, ಯಾರನ್ನ ಅಂತ ಕೇಳಿತು. ಮುದುಕರ ಮುಖ ಸುಕ್ಕುಗಟ್ಟಿತು. ಒಳ್ಳೆಯ ಸುಳ್ಳೊಂದು ಅಲ್ಲೇ, ನಾಲಿಗೆಯ ತುದಿಯಲ್ಲೇ ಇತ್ತು. ಅವಳಿಗೂ ಅದು ಕಂಡಿತು. ನಿನ್ನನ್ನೇ ಕೂಗಿದ ಎಂದುಬಿಟ್ಟರೆ ಆ ಮುದುಕಿಗೆ ಉಳಿದ ವರ್ಷಗಳಿಗೆ ಅದು ಸಾಕಾಗುತ್ತಿತ್ತು. "ನನ್ನನ್ನ," ಎಂದರು ಮುದುಕರು. "ನನ್ನ ಹೆಸರು ಹಿಡಿದು ಕೂಗಿದ. ಅಮ್ಮನ್ನೂ ಕರೆದ, ಕೊನೆ ಕೊನೆಗೆ. ನಿನ್ನ ಹೆಸರು ನನಗೆ ಕೇಳಿಸಲಿಲ್ಲ, ತಂಗಿ."

ಮಗಳು ಕನ್ನಡಕ ತರುವ ಹೊತ್ತಿಗೆ ಆಚೆ ಕಡೆ ಫೋನು ಇಟ್ಟಾಗಿತ್ತು. ಆಚೆಯವರು ಬೈದರೋ, ಅತ್ತರೋ, ಸುಮ್ಮನೆ ಇಟ್ಟರೋ ಈಚೆ ನಿಂತವಳಿಗೆ ಕೇಳಿಸಲಿಲ್ಲ. ಅವಳು ಹಲ್ಲಿನ ಸಾಲನ್ನು ಬಾಯಿಂದ ಬಿಡಿಸಿ ತಣ್ಣೀರಿನ ಬಟ್ಟಲಿಗೆ ಹಾಕಿದಳು. ಮುಂದಿನ ಎರಡು ಹಲ್ಲು ಕೊಂಚ ಓರೆಯಾಗಿದ್ದವು. "ಸರಿಯಾಗಿದೆ," ಎಂದಳು ಮಗಳಿಗೆ. "ಸೋಮವಾರ ಪಕ್ಕಾ ಸೆಟ್ಟು ಕೊಡ್ತೀವಿ." ಮುದುಕರು ಅವಳ ಕಡೆ ನೋಡದೆ ಮಗಳ ತೋಳು ಹಿಡಿದು ಎದ್ದರು. ಬಾಗಿಲಲ್ಲಿ ತಿರುಗಿಯಾರು ಎಂದುಕೊಂಡಳು. ತಿರುಗಲಿಲ್ಲ. ಕ್ಷಮಿಸಬೇಕೆಂದು ಅವಳು ಕೇಳಿಯೂ ಇರಲಿಲ್ಲ.

ಸಂಜೆ ಮನೆಗೆ ಬಂದಾಗ ಅಕ್ಕ ಒಣಗಿದ ಬಟ್ಟೆಯ ರಾಶಿಯ ನಡುವೆ ಕೂತು ಮಡಿಸುತ್ತಿದ್ದಳು. "ಏನೇ ಪುಟ್ಟಿ, ಮುಖ ಸುಣ್ಣ ಬಳಿದ ಹಾಗಿದೆ? ಪ್ಲಾಸ್ಟರ್ ತೊಳ್ಕೊಂಡಿಲ್ವಾ?" ಎಂದಳು. ಅವಳು ಚಪ್ಪಲಿ ಬಿಡದೆ ಬಾಗಿಲ ಬಳಿಯೇ ನಿಂತಳು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರಿನವರ ಮಾತೆಲ್ಲ ಜೋಡಿಸಿಕೊಟ್ಟ ಅಕ್ಕ, ದನಿ ಕೇಳಿಯೇ ಜ್ವರ ಎಷ್ಟಿದೆ ಹೇಳುವವಳು. ಅವಳೆದುರು ಎರಡು ವರ್ಷ ಈ ಸುಳ್ಳು ಹೇಗೆ ಉಳಿಯಿತು? ಹಿಂದಿರುಗಿ ಬೀದಿಗೆ ಇಳಿದುಬಿಡಲೆ ಎನ್ನಿಸಿತು. ಬೀದಿಯಲ್ಲಾದರೂ ಏನಿದೆ? ಅಲ್ಲಿಯೂ ಹೆದರಿಕೆಯೇ.

"ಅಮ್ಮ ಬಿದ್ದಾಗ ನನಗೆ ಕೇಳಿಸಿತ್ತು, ಅಕ್ಕ," ಎಂದಳು. "ಕಿವೀಲಿ ಏನೂ ಇರಲಿಲ್ಲ. ಬಾಗಿಲಿಗೆ ಬಂದು ನಿಂತೆ. ಚಿಲಕ ತೆಗೀಲಿಲ್ಲ."

ಅಕ್ಕನ ಕೈಯಲ್ಲಿದ್ದ ಟವೆಲು ಅರ್ಧ ಮಡಿಕೆಗೆ ನಿಂತಿತು. "ಕರೆದಳಾ?"

"ಎರಡು ಸಲ."

"ಏನಂತ?"

ಇದನ್ನು ಮುದುಕರಿಗೂ ಹೇಳಿರಲಿಲ್ಲ. ಚಿಲಕದ ಮೇಲೆ ಕೈಯಿಟ್ಟು ನಿಂತ ಆ ಹತ್ತು ನಿಮಿಷ ಹೆದರಿಕೆಯ ಕೆಳಗೆ ಇನ್ನೊಂದು ಇತ್ತು, ಹೆದರಿಕೆಗಿಂತ ಚಿಕ್ಕದು, ಹೆದರಿಕೆಗಿಂತ ನಾಚಿಕೆಗೆಟ್ಟದ್ದು. ಅಮ್ಮನ ಜೊತೆಗೇ ಹಗಲೂ ರಾತ್ರಿ ಇದ್ದವಳು, ಔಷಧಿ ಕೊಟ್ಟವಳು, ತಲೆ ಬಾಚಿದವಳು ತಾನು. ಒಂದು ಸಲ ತನ್ನನ್ನೂ ಕರೆಯಲಿ ಎಂದು ಅವಳು ಬಾಗಿಲಾಚೆ ಕಾದಿದ್ದಳು.

"ದೊಡ್ಡೀ ಅಂತ," ಎಂದಳು. "ಎರಡು ಸಲಾನೂ ನಿನ್ನನ್ನೇ ಕರೆದಳು."

ಅಕ್ಕ ಟವೆಲನ್ನು ಮುಖಕ್ಕೆ ಒತ್ತಿಕೊಂಡಳು. ಅವಳ ಭುಜ ಒಮ್ಮೆ ಮೇಲೆದ್ದು ಹಾಗೇ ನಿಂತಿತು, ಇಳಿಯಲಿಲ್ಲ. ಆ ಬಟ್ಟೆಯೊಳಗಿಂದ ಏನು ಹೊರಬರುತ್ತದೋ ಅದು ಬರುವವರೆಗೆ ಬಾಗಿಲ ಬಳಿಯಿದ್ದವಳು ಓಡದೆ ನಿಂತಿರಬೇಕಾಗಿತ್ತು. ಬಟ್ಟೆಯ ರಾಶಿಯನ್ನು ದಾಟಿಕೊಂಡು ಒಂದು ಹೆಜ್ಜೆ ಒಳಗಿಟ್ಟಳು.